ಗರ್ಭ ನಿಲ್ಲದಿದ್ದಾಗ ಥೈರಾಯ್ಡ್ ಕಡೆಗೂ ನೋಡಿ: ಕೊಡಗಿನ ಹೆಣ್ಣುಮಕ್ಕಳಿಗೆ ಒಂದು ಕೈಪಿಡಿ

ಮೊದಲ ಸಲ ಗರ್ಭ ಇಳಿದುಹೋದಾಗ ನನಗೆ ಒಂಬತ್ತು ವಾರ ತುಂಬಿತ್ತು; ಎರಡನೆಯ ಸಲ ಹನ್ನೊಂದು. ಎರಡನೆಯದಾದ ಕೆಲವು ದಿನಗಳ ಮೇಲೆ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಅಲ್ಮೇರಾದೊಳಗಿನ ಪ್ಲಾಸ್ಟಿಕ್ ಕವರನ್ನು ತೆಗೆದು ಹಳೆಯ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕುಳಿತೆ. ಮೊದಲ ಗರ್ಭದ ಏಳನೆಯ ವಾರದಲ್ಲಿ ಮಾಡಿಸಿದ್ದ ರಕ್ತಪರೀಕ್ಷೆಯ ಎರಡನೆಯ ಪುಟದ ಕೆಳತುದಿಯಲ್ಲಿ, ಥೈರಾಯ್ಡ್ ಸ್ಥಿತಿಯನ್ನು ತೋರಿಸುವ ಟಿಎಸ್‌ಎಚ್ ಎಂಬ ಅಕ್ಷರಗಳ ಮುಂದೆ 11.8 ಎಂದು ಅಚ್ಚಾಗಿತ್ತು. ಪಕ್ಕದಲ್ಲಿ, ಅಂಕಿ ಮಿತಿ ಮೀರಿದೆ ಎನ್ನುವ ಒಂದು ಸಣ್ಣ ನಕ್ಷತ್ರದ ಗುರುತೂ ಇತ್ತು. ಆ ಪುಟವನ್ನು ಆಸ್ಪತ್ರೆಯಲ್ಲಿ ಯಾರೂ ತಿರುವಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ನೋಡಿದ್ದರೂ ಅದರ ಅರ್ಥ ನನಗೆ ತಿಳಿಯುತ್ತಿರಲಿಲ್ಲ. ಆ ಅಂಕಿಯ ಕಾರಣದಿಂದಲೇ ಎರಡು ಮಕ್ಕಳೂ ಹೋದವೆಂದು ನಾನು ಇಂದಿಗೂ ಹೇಳಲಾರೆ, ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಆದರೆ ಗರ್ಭ ಕಳೆದುಕೊಳ್ಳುವುದಕ್ಕೆ ಕಾರಣವಾಗಬಹುದಾದ ಹಲವು ಸಂಗತಿಗಳ ನಡುವೆ, ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುವ, ದಿನಕ್ಕೊಂದು ಸಣ್ಣ ಮಾತ್ರೆಯಿಂದ ಹತೋಟಿಗೆ ಬರುವ ಸಂಗತಿ ಈ ಥೈರಾಯ್ಡ್ ಕೊರತೆ. ಅದು ಗಮನಕ್ಕೆ ಬಾರದೆ ಉಳಿಯಬಾರದೆಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಇಲ್ಲಿರುವುದನ್ನು ಓದಿಕೊಂಡು ವೈದ್ಯರ ಮುಂದೆ ಸರಿಯಾದ ಪ್ರಶ್ನೆ ಕೇಳಿ. ಮಾತ್ರೆಯನ್ನು ನೀವಾಗಿಯೇ ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಬೇಡ.

ಗರ್ಭ ಹೋದ ಮೊದಲ ದಿನಗಳಲ್ಲಿ

ಈ ದಿನಗಳಲ್ಲಿ ಥೈರಾಯ್ಡ್‌ಗಿಂತ ಮೊದಲು ನೋಡಬೇಕಾದದ್ದು ನಿಮ್ಮ ಜೀವ. ಗಂಟೆಗೆ ಎರಡು ದೊಡ್ಡ ಪ್ಯಾಡ್ ತೋಯುವಷ್ಟು ರಕ್ತಸ್ರಾವ ಎರಡು ಗಂಟೆ ಮುಂದುವರಿದರೆ, ಜ್ವರ ಬಂದರೆ, ಸ್ರಾವಕ್ಕೆ ದುರ್ವಾಸನೆ ಇದ್ದರೆ, ತಲೆಸುತ್ತಿ ಕಣ್ಣು ಕತ್ತಲಿಟ್ಟರೆ, ಹೊಟ್ಟೆಯ ಒಂದು ಬದಿಯಲ್ಲಿ ಅಥವಾ ಹೆಗಲಿನ ತುದಿಯಲ್ಲಿ ತೀವ್ರ ನೋವು ಕಂಡರೆ 108ಕ್ಕೆ ಕರೆ ಮಾಡಿ. ತೋಟದ ಒಳಗಿನ ಮನೆಗೆ ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಜೀಪಿನಲ್ಲೇ ಮುಖ್ಯರಸ್ತೆಯವರೆಗೆ ಇಳಿದುಬಿಡಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮುಂದಿನ ಗರ್ಭದ ಮಗುವಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು 72 ಗಂಟೆಗಳೊಳಗೆ ಕೇಳಿ ತಿಳಿದುಕೊಳ್ಳಿ.

ಮನೆಗೆ ಕಳುಹಿಸುವ ಮುನ್ನ ಎಲ್ಲ ವರದಿಗಳ ಪ್ರತಿಯನ್ನೂ ಕೇಳಿ ಪಡೆಯಿರಿ. ಗರ್ಭಕೋಶ ಕ್ಲೀನ್ ಮಾಡಿಸಿದ್ದರೆ ಅದರ ಸಾರಾಂಶ ಚೀಟಿ, ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಎಲ್ಲ ಪುಟಗಳು, ತಾಯಿ ಕಾರ್ಡ್, ಇವೆಲ್ಲ ಒಂದೇ ಕಡೆ ಇರಲಿ. ಟಿಎಸ್‌ಎಚ್ ಪರೀಕ್ಷೆ ಮಾಡಿಸಿರದಿದ್ದರೆ, ಗರ್ಭ ಹೋಗಿ ಆರು ವಾರಗಳ ಹೊತ್ತಿಗೆ ಒಮ್ಮೆ ಮಾಡಿಸಲು ದಿನ ಗೊತ್ತುಮಾಡಿಕೊಳ್ಳಿ. ಆಗ ಸಿಗುವ ಅಂಕಿ ಗರ್ಭದ ಹಾರ್ಮೋನುಗಳ ಪ್ರಭಾವದಿಂದ ಹೊರಬಂದು ನಿಮ್ಮ ಸಹಜ ಸ್ಥಿತಿಯನ್ನು ತೋರಿಸುತ್ತದೆ. ಮೊದಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಗರ್ಭದ ಸಮಯದಲ್ಲಿ ಹೆಚ್ಚಿಸಿದ ಪ್ರಮಾಣವನ್ನು ಯಾವಾಗ, ಎಷ್ಟಕ್ಕೆ ಇಳಿಸಬೇಕೆಂದು ಮನೆಗೆ ಹೊರಡುವ ಮೊದಲೇ ಬರೆಸಿಕೊಳ್ಳಬೇಕು. ಸಾಮಾನ್ಯವಾಗಿ ಗರ್ಭಕ್ಕೆ ಮುಂಚಿನ ಪ್ರಮಾಣಕ್ಕೇ ಮರಳುತ್ತಾರೆ.

ಮೇಸ್ತ್ರಿಯ ಕೂಗು

ನಮ್ಮಲ್ಲಿ ‘ಅವಳಿಗೆ ಥೈರಾಯ್ಡ್ ಇದೆಯಂತೆ’ ಎನ್ನುವುದು ರೂಢಿ. ಥೈರಾಯ್ಡ್ ಎಲ್ಲರಿಗೂ ಇದೆ. ಅದು ಕುತ್ತಿಗೆಯ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಉಸಿರುಕೊಳವೆಯನ್ನು ಅಪ್ಪಿಕೊಂಡಿರುವ ಗ್ರಂಥಿ. ದೇಹದ ಎಲ್ಲ ಕೆಲಸಗಳ ವೇಗವನ್ನು ನಿರ್ಧರಿಸುವ ಹಾರ್ಮೋನನ್ನು ಅದು ತಯಾರಿಸುತ್ತದೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಇದರ ಮೇಲ್ವಿಚಾರಣೆ ನಡೆಸುತ್ತದೆ. ತೋಟದಲ್ಲಿ ಕೆಲಸ ಹಿಂದೆ ಬಿದ್ದಂತೆಲ್ಲ ಮೇಸ್ತ್ರಿಯ ದನಿ ಏರುವುದನ್ನು ನಾವೆಲ್ಲ ಕೇಳಿದ್ದೇವಲ್ಲ, ಟಿಎಸ್‌ಎಚ್ ಎಂಬುದು ಅಂಥದೇ ಕೂಗು. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೆ ಕೂಗು ಜೋರಾಗುತ್ತದೆ, ಅಂದರೆ ಟಿಎಸ್‌ಎಚ್ ಅಂಕಿ ಏರುತ್ತದೆ. ಅತಿಯಾಗಿ ಕೆಲಸ ಮಾಡಿದರೆ ಮೇಸ್ತ್ರಿ ಸುಮ್ಮನಾಗುತ್ತಾನೆ, ಅಂಕಿ ಇಳಿಯುತ್ತದೆ. ಅಂಕಿ ಹೆಚ್ಚಿದ್ದರೆ ಥೈರಾಯ್ಡ್ ಹೆಚ್ಚಾಗಿದೆ ಎಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ವಾಸ್ತವ ಅದಕ್ಕೆ ವಿರುದ್ಧ.

ಗರ್ಭಕ್ಕೂ ಇದಕ್ಕೂ ಇರುವ ನಂಟು ಮೊದಲ ವಾರಗಳಲ್ಲೇ ಅಡಗಿದೆ. ಮಗುವಿನ ಸ್ವಂತ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ತೊಡಗುವುದು ಸುಮಾರು ಹನ್ನೆರಡನೆಯ ವಾರದ ಹೊತ್ತಿಗೆ. ತನ್ನ ಅಗತ್ಯಕ್ಕೆ ಸಾಲುವಷ್ಟು ಮಾಡಲು 18ರಿಂದ 20 ವಾರಗಳಾಗಬೇಕು. ಅಲ್ಲಿಯವರೆಗೆ ಮಗುವಿನ ಮಿದುಳಿಗೆ ಬೇಕಾದ ಹಾರ್ಮೋನನ್ನು ತಾಯಿಯೇ ಕೊಡಬೇಕು. ಹೀಗಾಗಿ ತಾಯಿಯ ಅಗತ್ಯ ಶೇಕಡ 25ರಿಂದ 50ರಷ್ಟು ಏರುತ್ತದೆ, ಅದೂ ನಾಲ್ಕರಿಂದ ಆರನೆಯ ವಾರದೊಳಗೆ, ಅಂದರೆ ಮುಟ್ಟು ನಿಂತಿರುವುದು ಗಮನಕ್ಕೆ ಬರುವ ಹೊತ್ತಿಗೇ ಆರಂಭವಾಗುತ್ತದೆ. ಆರೋಗ್ಯವಂತ ಗ್ರಂಥಿ ಈ ಹೊರೆಯನ್ನು ಹೊರುತ್ತದೆ. ದುರ್ಬಲವಾದದ್ದು ಹಿಂದೆ ಬೀಳುತ್ತದೆ. ಥೈರಾಯ್ಡ್ ಹಾರ್ಮೋನಿನ ಕೊರತೆಗೆ ಹೈಪೋಥೈರಾಯ್ಡಿಸಮ್ ಎನ್ನುತ್ತಾರೆ; ಚಿಕಿತ್ಸೆ ಪಡೆಯದ ಹೈಪೋಥೈರಾಯ್ಡಿಸಮ್‌ನಲ್ಲಿ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ರಕ್ತದೊತ್ತಡ ಏರುವುದು, ಮಗುವಿನ ತೂಕ ಕಡಿಮೆಯಾಗುವುದು ಹೆಚ್ಚು ಎಂಬುದು ಸ್ಥಾಪಿತವಾದ ವಿಷಯ.

ಇದರ ಜೊತೆಗೇ ಇನ್ನೊಂದು ಮಾತನ್ನೂ ಅಷ್ಟೇ ಒತ್ತಿ ಹೇಳಬೇಕು. ಮೊದಲ ಮೂರು ತಿಂಗಳಲ್ಲಿ ನಷ್ಟವಾಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿ ಆಕಸ್ಮಿಕವಾಗಿ ಉಂಟಾದ ದೋಷವೇ ಕಾರಣ. ಅದನ್ನು ಯಾವ ಮಾತ್ರೆಯೂ ತಡೆಯುತ್ತಿರಲಿಲ್ಲ. ಪಪ್ಪಾಯ ತಿಂದದ್ದು, ಕಾಫಿ ಕೊಯ್ಲಿಗೆ ಹೋದದ್ದು, ತೋಟದ ಏರುರಸ್ತೆಯಲ್ಲಿ ಜೀಪಿನಲ್ಲಿ ಕುಲುಕಿದ್ದು, ಇಂಥ ಮಾತುಗಳನ್ನು ಮನೆಗೆ ಬಂದವರು ಆಡಿಯೇ ಆಡುತ್ತಾರೆ. ಅವು ಯಾವುವೂ ನಿಮ್ಮ ಮಗುವನ್ನು ಕಳೆಯಲಿಲ್ಲ. ಎರಡು ಅಥವಾ ಹೆಚ್ಚು ಸಲ ಗರ್ಭ ಹೋಗಿದ್ದರೆ ಟಿಎಸ್‌ಎಚ್ ಜೊತೆಗೆ ಸಕ್ಕರೆ ಪರೀಕ್ಷೆ, ಗರ್ಭಕೋಶದ ಸ್ಕ್ಯಾನಿಂಗ್, ಹನ್ನೆರಡು ವಾರಗಳ ಅಂತರದಲ್ಲಿ ಎರಡು ಸಲ ಮಾಡುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ (ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಅಂಶ) ಪರೀಕ್ಷೆ ಇವುಗಳ ಬಗ್ಗೆಯೂ ಕೇಳಿ. ಥೈರಾಯ್ಡ್ ಅಂಕಿ ಸ್ವಲ್ಪ ಏರಿರುವುದು ಸಿಕ್ಕಿತೆಂದು ಉಳಿದ ಹುಡುಕಾಟವನ್ನು ಅಲ್ಲಿಗೇ ಕೈಬಿಡುವುದು ನಾನು ಕಂಡ ದೊಡ್ಡ ತಪ್ಪುಗಳಲ್ಲಿ ಒಂದು.

ವರದಿಯನ್ನು ಓದುವ ಬಗೆ

ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಮಾತ್ರೆ ನುಂಗಿದ ಕೆಲವು ಗಂಟೆಗಳವರೆಗೆ ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಂಕಿ, ಏರಿರುತ್ತದೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಎಂಬ ವಿಟಮಿನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಏಕೆಂದರೆ ಅದು ಹಲವು ಪ್ರಯೋಗಾಲಯ ಯಂತ್ರಗಳ ಫಲಿತಾಂಶವನ್ನು ತಪ್ಪಾಗಿಸುತ್ತದೆ. ಥೈರಾಯ್ಡ್ ಕಡಿಮೆಯಾಗಿ ಕೂದಲು ಉದುರುವ ಹೆಂಗಸರೇ ಬಯೋಟಿನ್ ನುಂಗುವುದು ಹೆಚ್ಚಾದ್ದರಿಂದ ಇದು ಸಣ್ಣ ವಿಷಯವಲ್ಲ.

ವರದಿಯ ಅಂಚಿನಲ್ಲಿ ಅಚ್ಚಾಗಿರುವ ‘ಸಾಮಾನ್ಯ ಮಟ್ಟ’ ಗರ್ಭಿಣಿಯರಿಗಾಗಿ ಬರೆದದ್ದಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಗರ್ಭದಿಂದಲೇ ಬರುವ ಎಚ್‌ಸಿಜಿ ಹಾರ್ಮೋನು ಥೈರಾಯ್ಡನ್ನು ತಾನೇ ಪ್ರಚೋದಿಸುವುದರಿಂದ ಟಿಎಸ್‌ಎಚ್ ಸಹಜವಾಗಿಯೇ ಇಳಿಯುತ್ತದೆ. ಹಾಗಾಗಿ ಗರ್ಭವಿಲ್ಲದಾಗ ಸರಿಯೆನಿಸುವ ಅಂಕಿ ಆಗ ಹೆಚ್ಚಾಗಿರಬಹುದು. ಭಾರತದ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3 ಎಂಬ ಮಿತಿಯನ್ನು ಇಟ್ಟಿದೆ. ಅಮೆರಿಕದ ಥೈರಾಯ್ಡ್ ಸಂಘ 2017ರಲ್ಲಿ ತನ್ನ ಹಳೆಯ ಮಿತಿಯನ್ನು ಸಡಿಲಿಸಿ, ಆಯಾ ಜನಸಮುದಾಯಕ್ಕೆ ಪ್ರತ್ಯೇಕ ಅಳತೆ ಇಲ್ಲದಿದ್ದರೆ ಸುಮಾರು 4ನ್ನು ಮೇಲ್ಮಿತಿಯಾಗಿ ಹಿಡಿಯಬಹುದೆಂದಿತು. ಮಡಿಕೇರಿಯಲ್ಲಿ ಒಬ್ಬ ವೈದ್ಯರು ‘ಮಾತ್ರೆ ಬೇಕು’ ಎಂದು, ಮೈಸೂರಿನಲ್ಲಿ ಮತ್ತೊಬ್ಬರು ‘ಈಗಲೇ ಬೇಡ, ನೋಡೋಣ’ ಎಂದು ಹೇಳಿದರೆ ಇಬ್ಬರಲ್ಲಿ ಒಬ್ಬರು ತಿಳಿಯದವರೆಂದು ಅರ್ಥವಲ್ಲ, 2.5ರಿಂದ 4ರ ನಡುವಿನ ಅಂಕಿಯ ಬಗ್ಗೆ ವೈದ್ಯಲೋಕದಲ್ಲೇ ಒಮ್ಮತವಿಲ್ಲ. ಆದರೆ 10ನ್ನು ದಾಟಿದರೆ ಮಾತ್ರೆ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಟಿಎಸ್‌ಎಚ್ ಏರಿದ್ದರೆ ಫ್ರೀ ಟಿ4 ಮತ್ತು ಆಂಟಿ-ಟಿಪಿಒ ಪ್ರತಿಕಾಯ ಎಂಬ ಎರಡು ಪರೀಕ್ಷೆಗಳನ್ನು ಮಾಡಿಸಬೇಕಾಗಬಹುದು. ಆಂಟಿ-ಟಿಪಿಒ ಇದೆಯೆಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆ ಎಂದು ತಿಳಿಯಬೇಕು. ಈ ಪ್ರತಿಕಾಯ ಇರುವವರಲ್ಲಿ ಗರ್ಭಪಾತ ಹೆಚ್ಚು ಕಂಡುಬರುತ್ತದೆ ಎಂಬುದು ನಿಜ. ಆ ಮಾತನ್ನು ಕೇಳಿದ ಕೂಡಲೇ, ಟಿಎಸ್‌ಎಚ್ ಸರಿಯಾಗಿದ್ದರೂ ಮಾತ್ರೆ ಕೊಡಿ ಎಂದು ಗೋಗರೆಯುವಂತಾಗುತ್ತದೆ. ನಾನೂ ಹಾಗೆಯೇ ಕೇಳಿದ್ದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ, ಪ್ರತಿಕಾಯ ಇದ್ದೂ ಟಿಎಸ್‌ಎಚ್ ಸರಿಯಿದ್ದ, ಹಿಂದೆ ಗರ್ಭ ಕಳೆದುಕೊಂಡಿದ್ದ ಅಥವಾ ಗರ್ಭ ನಿಲ್ಲದೆ ಚಿಕಿತ್ಸೆಗೆ ಬಂದಿದ್ದ 952 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ), ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. ಜೀವಂತ ಮಗು ಪಡೆದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡ 37.4, ಎರಡನೆಯದರಲ್ಲಿ 37.9. ಅಂದರೆ ಪ್ರತಿಕಾಯವೊಂದಕ್ಕಾಗಿಯೇ ಮಾತ್ರೆ ತೆಗೆದುಕೊಳ್ಳುವುದರಿಂದ ಲಾಭ ಕಾಣಲಿಲ್ಲ. ಅಂಥವರು ಮಾಡಬೇಕಾದದ್ದು ಬೇರೆ: ಗರ್ಭ ಧರಿಸಿದ ಮೇಲೆ ಅವರ ಗ್ರಂಥಿ ಹೊರೆ ತಾಳಲಾರದೆ ಕುಸಿಯುವ ಸಾಧ್ಯತೆ ಹೆಚ್ಚಿರುವುದರಿಂದ, 20 ವಾರಗಳ ಹೊತ್ತಿನವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸಬೇಕು.

ಕಾಫಿಗೆ ಮೊದಲು ಮಾತ್ರೆ

ಕೊಡಗಿನಲ್ಲಿ ಥೈರಾಯ್ಡ್ ಮಾತ್ರೆಗೆ ಅತಿ ದೊಡ್ಡ ಎದುರಾಳಿ ನಮ್ಮ ಒಲೆಯ ಮೇಲೆಯೇ ಇದೆ. ಎದ್ದ ಕೂಡಲೇ ಬೆಲ್ಲದ ಕಾಫಿ ಕುಡಿಯದೆ ನಮ್ಮ ಮನೆಗಳಲ್ಲಿ ಬೆಳಗಾಗುವುದಿಲ್ಲ. ಮಾತ್ರೆ ಆರಂಭವಾದ ಮೊದಲ ಮೂರು ತಿಂಗಳು ನಾನು ಎಡಗೈಯಲ್ಲಿ ಲೋಟ ಹಿಡಿದು, ಬಲಗೈಯಿಂದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಬಿಸಿ ಕಾಫಿಯಲ್ಲೇ ನುಂಗುತ್ತಿದ್ದೆ. ಅಂಕಿ ಇಳಿಯಲಿಲ್ಲ. ಪ್ರಮಾಣವನ್ನು 50ರಿಂದ 75 ಮೈಕ್ರೋಗ್ರಾಂಗೆ ಏರಿಸಿದರು, ಆಗಲೂ ಇಳಿಯಲಿಲ್ಲ. ಕೊನೆಗೆ ವಯಸ್ಸಾದ ಒಬ್ಬ ನರ್ಸಮ್ಮ, ‘ಎಷ್ಟು ಗಂಟೆಗೆ ತಕ್ಕೊಳ್ತೀರಿ ಮಗಾ, ಯಾವುದರ ಜೊತೆ ತಕ್ಕೊಳ್ತೀರಿ?’ ಎಂದು ಕೇಳಿದರು. ಅಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆ ಅದು.

ಲೆವೊಥೈರಾಕ್ಸಿನ್ ಮಾತ್ರೆಯನ್ನು, ಅಂಗಡಿಯಲ್ಲಿ ಅದು ಥೈರೋನಾರ್ಮ್, ಎಲ್ಟ್ರಾಕ್ಸಿನ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಬೇಕು. ಅನಂತರ ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ, ಚಹಾ, ಹಾಲು, ತಿಂಡಿ ಯಾವುದೂ ಬೇಡ. ಕಾಫಿ ಹೊಟ್ಟೆಯಲ್ಲಿದ್ದರೆ ಔಷಧ ರಕ್ತಕ್ಕೆ ಸೇರುವ ಪ್ರಮಾಣವೇ ಕಡಿಮೆಯಾಗುತ್ತದೆ. ಬೆಳಿಗ್ಗೆ ಇದು ಸಾಧ್ಯವೇ ಇಲ್ಲವೆನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಯಾವ ಹೊತ್ತಾದರೂ ದಿನವೂ ಅದೇ ಹೊತ್ತಾಗಿರಲಿ.

ಗರ್ಭಿಣಿಯಾದ ಮೇಲೆ ಇನ್ನೆರಡು ಮಾತ್ರೆಗಳು ಸೇರಿಕೊಳ್ಳುತ್ತವೆ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣಾಂಶದ ಕೆಂಪು ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಎರಡೂ ಥೈರಾಯ್ಡ್ ಔಷಧವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡುಬಿಡುತ್ತವೆ. ನಾಲ್ಕು ಗಂಟೆ ಅಂತರ ಬೇಕೇ ಬೇಕು. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಒಟ್ಟಿಗೆ ನುಂಗಿ ಮುಗಿಸುವ ಅಭ್ಯಾಸ ಬಿಡಬೇಕು. ನಾನು ಪಾಲಿಸಿದ ಕ್ರಮ ಹೀಗಿತ್ತು: ಐದೂವರೆಗೆ ಥೈರಾಯ್ಡ್ ಮಾತ್ರೆ, ಆರೂವರೆಗೆ ಕಾಫಿ, ಹನ್ನೊಂದಕ್ಕೆ ಕಬ್ಬಿಣಾಂಶದ ಮಾತ್ರೆ, ಜೊತೆಗೆ ಸಿಕ್ಕ ಕಾಲದಲ್ಲಿ ಒಂದು ಕಿತ್ತಳೆ ಅಥವಾ ಲಿಂಬೆ ಪಾನಕ, ಮಧ್ಯಾಹ್ನ ಮತ್ತು ರಾತ್ರಿ ಊಟದೊಂದಿಗೆ ಕ್ಯಾಲ್ಸಿಯಂ. ಕಬ್ಬಿಣಾಂಶಕ್ಕೂ ಕ್ಯಾಲ್ಸಿಯಂಗೂ ತಮ್ಮತಮ್ಮೊಳಗೆ ಎರಡು ಗಂಟೆಯಾದರೂ ಅಂತರವಿರಬೇಕು. ಈ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಅತ್ತೆಯವರೂ ಅದನ್ನು ನೋಡಿ ನನಗಿಂತ ಮುಂಚೆ ಗಡಿಯಾರ ನೋಡತೊಡಗಿದರು.

ಮಾತ್ರೆ ತೇವಕ್ಕೆ, ಬೆಳಕಿಗೆ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಸೀಸೆಯಲ್ಲಿ ಬರುವ ಮಾತ್ರೆಯನ್ನು ಅದೇ ಸೀಸೆಯಲ್ಲಿ ಮುಚ್ಚಳ ಬಿಗಿದು ಇಡಿ. ವಾರದ ಡಬ್ಬಿಗೆ ಸುರಿದಿಡುವುದಾಗಲಿ, ಒಲೆಯ ಬಳಿಯ ಮಾಡದಲ್ಲೋ ಬಚ್ಚಲಿನ ಕಪಾಟಿನಲ್ಲೋ ಇಡುವುದಾಗಲಿ ಬೇಡ. ಮಳೆಗಾಲಕ್ಕೆ ಮೊದಲೇ ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋದಾಗ, ನಿತ್ಯದ ಔಷಧ ಮುಗಿದವರು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಅಂಗಡಿಯಲ್ಲಿ ಬೇರೆ ಹೆಸರಿನ ಮಾತ್ರೆ ಕೊಟ್ಟರೆ ಮೈಕ್ರೋಗ್ರಾಂ ಅಂಕಿ ಅದೇ ಇದೆಯೇ ನೋಡಿ, ವೈದ್ಯರಿಗೆ ತಿಳಿಸಿ, ಆರು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ; ಗರ್ಭಿಣಿಯಾಗಿದ್ದರೆ ನಾಲ್ಕು ವಾರಕ್ಕೇ ಮಾಡಿಸಿ. ಒಂದು ದಿನ ಮರೆತರೆ ಗಾಬರಿಯಾಗಬೇಡಿ. ಈ ಔಷಧ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ.

ಉಪ್ಪು ಮತ್ತು ಕಳಲೆ

ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಗುಡ್ಡಗಾಡಿನಲ್ಲಿ ಜೋರು ಮಳೆ ಮಣ್ಣಿನ ಅಯೋಡಿನ್ ಅನ್ನು ತೊಳೆದೊಯ್ಯುತ್ತದೆ. ಗಳಗಂಡ (ಥೈರಾಯ್ಡ್ ಊದಿಕೊಳ್ಳುವ ಕಾಯಿಲೆ) ನಿಯಂತ್ರಣಕ್ಕೆಂದು 1962ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ, ಉಪ್ಪಿಗೆ ಅಯೋಡಿನ್ ಸೇರಿಸುವ ಪದ್ಧತಿ ಬಂತು. ಆದರೆ ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಈಗ ಮತ್ತೆ ಹಬ್ಬಿದೆ; ಅವುಗಳಲ್ಲಿ ಅಯೋಡಿನ್ ಸೇರಿಸಿದ್ದಾರೆಂಬ ಭರವಸೆ ಇಲ್ಲ. ಪೊಟ್ಟಣದ ಮೇಲೆ ಅಯೋಡಿನ್‌ಯುಕ್ತ ಎಂದಿರುವ ಉಪ್ಪನ್ನೇ ತನ್ನಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ನಮ್ಮಲ್ಲಿ ಸಾಮಾನ್ಯ. ಆ ನೀರಿನೊಂದಿಗೆ ಅಯೋಡಿನ್ ಕೂಡ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಟ್ಟು, ಅಡುಗೆ ಮುಗಿಯುವ ಹೊತ್ತಿಗೆ ಉಪ್ಪು ಹಾಕಿ. ಹಾಗೆಂದು ಅಯೋಡಿನ್ ಹನಿಗಳನ್ನು, ಕಡಲಕಳೆಯ ಮಾತ್ರೆಗಳನ್ನು ತರಿಸಿ ನುಂಗಬಾರದು. ಅತಿಯಾದ ಅಯೋಡಿನ್ ಕೂಡ ಥೈರಾಯ್ಡನ್ನು ಕೆಡಿಸುತ್ತದೆ.

ಮಳೆ ಹಿಡಿದ ಮೇಲೆ ನಮ್ಮ ಸಂತೆಗೆ ಕಳಲೆ, ಅಂದರೆ ಎಳೆ ಬಿದಿರು, ಬರುತ್ತದೆ. ಕೊಡವರ ಮನೆಗಳಲ್ಲಿ ಕಳಲೆಯ ಬೈಂಬಳೆ ಕರಿಯಿಲ್ಲದೆ ಮಳೆಗಾಲದ ಕಕ್ಕಡ ತಿಂಗಳು ಕಳೆಯುವುದಿಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದ್ದು, ಅದು ದೇಹದಲ್ಲಿ ಥಯೋಸಯನೇಟ್ ಆಗಿ ಮಾರ್ಪಟ್ಟು ಥೈರಾಯ್ಡ್ ಅಯೋಡಿನ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಹಿರಿಯರು ಕಳಲೆಯನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲುತ್ತಿದ್ದುದು ಈ ಅಂಶವನ್ನು ಕಳೆಯುವುದಕ್ಕೇ. ಆ ಕ್ರಮದಲ್ಲಿ ಮಾಡಿದ್ದನ್ನು ಒಮ್ಮೊಮ್ಮೆ ಊಟಕ್ಕೆ ಬಡಿಸಿಕೊಳ್ಳಲು ಹೆದರಬೇಕಿಲ್ಲ. ಆತುರದಲ್ಲಿ ಒಂದು ರಾತ್ರಿ ನೆನೆಸಿ ಬೇಯಿಸಿದ್ದನ್ನು ದಿನವೂ ತಿನ್ನುವುದು ಬೇಡ. ಎಲೆಕೋಸು, ಹೂಕೋಸು ಬೇಯಿಸಿ ತಿಂದರೆ ತೊಂದರೆಯಿಲ್ಲ. ಅವನ್ನು ಮನೆಯಿಂದಲೇ ಹೊರಗಿಡುವಂತೆ ಹೇಳುವವರ ಮಾತಿಗೆ ಅಷ್ಟು ಬೆಲೆ ಕೊಡಬೇಡಿ.

ಮುಂದಿನ ಗರ್ಭಕ್ಕೆ ಮುಂಚೆ

ಮಾತ್ರೆ ಆರಂಭಿಸಿದ ಮೇಲೆ ಅಥವಾ ಬದಲಿಸಿದ ಮೇಲೆ ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನೆಲೆಗೊಳ್ಳಲು ಆರು ವಾರ ಬೇಕು. ಚಿಕಿತ್ಸೆಯಲ್ಲಿರುವ ಹೆಣ್ಣುಮಗಳು ಗರ್ಭ ಧರಿಸುವ ಮೊದಲು ಈ ಅಂಕಿ 2.5ರ ಒಳಗಿರಬೇಕೆಂಬುದು ಸಾಮಾನ್ಯ ಗುರಿ. ಅಲ್ಲಿಗೆ ಬರುವವರೆಗೆ ಗರ್ಭನಿರೋಧಕ ಬಳಸಿ. ಆ ಅವಧಿಯಲ್ಲೇ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ. ಕಾಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಪ್ರತಿ ತಿಂಗಳೂ ಒಂದು ಅವಕಾಶ ಕೈತಪ್ಪಿದಂತೆ ಅನಿಸುತ್ತದೆ. ಆದರೂ ಈ ಎರಡು ಮೂರು ತಿಂಗಳು ನಿಮ್ಮ ಕೈಯಲ್ಲಿರುವ ಅತ್ಯಂತ ಉಪಯುಕ್ತ ಕಾಲ.

ಇದಕ್ಕೆ ಹಾರ್ಮೋನ್ ತಜ್ಞರೇ ಆಗಬೇಕೆಂದಿಲ್ಲ. ಅವರನ್ನು ಕಾಣಲು ನಮ್ಮಲ್ಲಿ ಬಹಳ ಮಂದಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್, ಹೋಗಿಬರುವುದರೊಳಗೆ ಒಂದು ದಿನದ ಕೂಲಿ ಹೋಗುತ್ತದೆ. ಸಾಮಾನ್ಯ ಹೈಪೋಥೈರಾಯ್ಡಿಸಮ್ ಅನ್ನು ನಿಮ್ಮ ಪ್ರಸೂತಿ ತಜ್ಞರೋ ಫಿಸಿಷಿಯನ್ನರೋ ನೋಡಿಕೊಳ್ಳಬಲ್ಲರು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯೂ ಆಗಿದೆ. ಗರ್ಭಕ್ಕೆ ಮುಂಚಿನ ಭೇಟಿಯಲ್ಲಿ ವೈದ್ಯರಿಂದ ಒಂದು ಸಾಲನ್ನು ಚೀಟಿಯಲ್ಲಿ ಬರೆಸಿಕೊಳ್ಳಿ: ಪರೀಕ್ಷೆಯಲ್ಲಿ ಗರ್ಭ ಖಚಿತವಾದ ದಿನದಿಂದಲೇ ಮಾತ್ರೆಯನ್ನು ಎಷ್ಟು ಹೆಚ್ಚಿಸಬೇಕು? ಮೊದಲೇ ಮಾತ್ರೆಯಲ್ಲಿರುವವರಿಗೆ ವಾರಕ್ಕೆ 7ರ ಬದಲು 9 ಮಾತ್ರೆ, ಅಂದರೆ ವಾರದಲ್ಲಿ ಎರಡು ದಿನ ಎರಡೆರಡು, ಎಂಬ ಸರಳ ವಿಧಾನ ಬಳಕೆಯಲ್ಲಿದೆ. ನಿಮಗೆ ಅದು ಒಪ್ಪುತ್ತದೆಯೇ ಎಂಬುದನ್ನು ಅವರೇ ಹೇಳಬೇಕು. ಈ ಚೀಟಿ ಏಕೆ ಬೇಕೆಂದರೆ, ಮುಟ್ಟು ನಿಂತು, ಕಿಟ್ ತಂದು ನೋಡಿ, ಮನೆಯಲ್ಲಿ ಹೇಳಿ, ಮಳೆ ಬಿಟ್ಟ ದಿನ ನೋಡಿ, ಆಸ್ಪತ್ರೆಗೆ ಹೋಗಿ, ವರದಿ ಬಂದು, ಪ್ರಮಾಣ ಬದಲಾಗುವಷ್ಟರಲ್ಲಿ ಮಗುವಿಗೆ ತಾಯಿಯ ಹಾರ್ಮೋನು ಅತ್ಯಗತ್ಯವಾದ ವಾರಗಳು ಕಳೆದುಹೋಗಿರುತ್ತವೆ.

ಗರ್ಭ ಖಚಿತವಾದ ವಾರದಲ್ಲೇ ಒಂದು ಟಿಎಸ್‌ಎಚ್ ಪರೀಕ್ಷೆ, ಆಮೇಲೆ ಅರ್ಧ ಅವಧಿ ಮುಗಿಯುವವರೆಗೆ ನಾಲ್ಕು ವಾರಕ್ಕೊಂದು, 30ನೆಯ ವಾರದ ಸುಮಾರಿಗೆ ಕನಿಷ್ಠ ಇನ್ನೊಂದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಒಳ್ಳೆಯದೇ, ಆದರೆ ಅದು ನಾಲ್ಕನೆಯ ತಿಂಗಳಿನಿಂದ ಮುಂದಿನವರಿಗೆ. ಥೈರಾಯ್ಡ್ ವಿಷಯದಲ್ಲಿ ಅಲ್ಲಿಯವರೆಗೆ ಕಾಯಬಾರದು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ತಂಗಿಯರಿಗೆ, ಅದರಲ್ಲೂ ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಬಂದವರಿಗೆ, ತಾಯಿ ಕಾರ್ಡ್ ಆಗುವುದೇ ತಡ. ಹಿಂದೆ ಗರ್ಭ ಹೋಗಿರುವುದನ್ನು ಆಶಾ ಕಾರ್ಯಕರ್ತೆಗೆ ಮೊದಲ ಭೇಟಿಯಲ್ಲೇ ಹೇಳಬೇಕು, ಏಕೆಂದರೆ ಪದೇ ಪದೇ ಗರ್ಭಪಾತವಾದವರಿಗೆ ಥೈರಾಯ್ಡ್ ಪರೀಕ್ಷೆ ಮಾಡಬೇಕೆಂದು ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ.

ಇದುವರೆಗೆ ಹೇಳಿದ್ದು ಥೈರಾಯ್ಡ್ ಕಡಿಮೆಯಾದವರಿಗೆ. ಅತಿಯಾದವರ ದಾರಿ ಬೇರೆ, ಅವರಿಗೆ ತಜ್ಞರು ಬೇಕೇ ಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಗೆ ಕಾರ್ಬಿಮಜೋಲ್ ಔಷಧ ತೆಗೆದುಕೊಳ್ಳುತ್ತಿರುವವರು ಗರ್ಭಕ್ಕೆ ಯೋಚಿಸುವಾಗಲೇ ವೈದ್ಯರಿಗೆ ತಿಳಿಸಬೇಕು. ಅದು ಮೊದಲ ವಾರಗಳಲ್ಲಿ ಮಗುವಿನ ಅಂಗರಚನೆಗೆ ಹಾನಿ ಮಾಡಬಹುದಾದ್ದರಿಂದ ಆಗ ಬೇರೆ ಔಷಧಕ್ಕೆ ಬದಲಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಅದೇ ಕಾಯಿಲೆಗೆ ರೇಡಿಯೋ ಅಯೋಡಿನ್ (ವಿಕಿರಣದ ಚಿಕಿತ್ಸೆ) ಪಡೆದವರು ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು. ಇನ್ನು, ಮೊದಲ ತಿಂಗಳುಗಳಲ್ಲಿ ವಾಂತಿ ಜೋರಾಗಿದ್ದು ಟಿಎಸ್‌ಎಚ್ ತೀರ ಇಳಿದಿದ್ದರೆ ಅದು ಬಹುತೇಕ ಎಚ್‌ಸಿಜಿಯ ಪ್ರಭಾವ, ತಾನಾಗಿಯೇ ಸರಿಹೋಗುತ್ತದೆ.

ಮನೆ, ಕೆಲಸ, ಮನಸ್ಸು

ಗರ್ಭ ಹೋದ ಮೇಲೆ ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು, ಕೂದಲುದುರುವಿಕೆ, ಮೈ ಊದಿಕೊಳ್ಳುವುದು, ಚಳಿ ತಾಳಲಾರದಿರುವುದು, ಕಾರಣವಿಲ್ಲದೆ ಅಳು ಬರುವುದು ಇರುತ್ತದೆ. ಸುತ್ತಲಿನವರು ಅದನ್ನು ಸಂಕಟವೆಂದುಕೊಳ್ಳುತ್ತಾರೆ, ನಾವೂ ಹಾಗೆಯೇ ತಿಳಿಯುತ್ತೇವೆ. ಆದರೆ ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತ ಗರ್ಭಪಾತದ ನಂತರವೂ ಬರಬಹುದು: ಮೊದಲು ಎದೆ ಬಡಿತ, ನಿದ್ದೆಗೇಡು, ಕೈ ನಡುಕ, ಕೆಲವು ತಿಂಗಳ ಮೇಲೆ ಹಾರ್ಮೋನು ಕುಸಿದು ಜಡತೆ. ದುಃಖಕ್ಕೆ ಸಮಯ ಕೊಡಿ, ಜೊತೆಗೆ ಒಂದು ಟಿಎಸ್‌ಎಚ್ ಕೂಡ ಮಾಡಿಸಿ. ಹಿರಿಯರು ಗುರುಕಾರೋಣರಿಗೆ (ಕುಲದ ಪೂರ್ವಜರಿಗೆ) ಮೀದಿ, ಅಂದರೆ ಎಡೆ, ಇಡಬೇಕೆಂದರೆ ಇಡಲಿ. ಆ ಮನೆಯ ಪ್ರಾರ್ಥನೆ ನಿಮಗಾಗಿಯೇ ಇದೆ. ಪರೀಕ್ಷೆಯ ದಿನವನ್ನು ಮಾತ್ರ ಅದಕ್ಕಾಗಿ ಮುಂದೂಡಬೇಡಿ. ಗಂಡಂದಿರಿಗೆ ಒಂದು ಕೋರಿಕೆ: ವರದಿ ತರಲು ನೀವೇ ಹೋಗಿ, ಎಲ್ಲ ಪುಟಗಳನ್ನೂ ನೋಡಿ.

ಕೆಲಸಕ್ಕೆ ಹೋಗುವವರಿಗೆ ಗರ್ಭಪಾತವಾದರೆ ಆರು ವಾರಗಳ ವೇತನಸಹಿತ ರಜೆಯ ಹಕ್ಕಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದು ಪ್ಲಾಂಟೇಷನ್ ಕಾರ್ಮಿಕರಿಗೂ ಅನ್ವಯಿಸುತ್ತದೆ. ವೈದ್ಯರ ಪ್ರಮಾಣಪತ್ರ ಬೇಕು. ತೋಟದ ಕಚೇರಿಯಲ್ಲಿ ಕೇಳಲು ಸಂಕೋಚಪಡಬೇಡಿ.

ಮೂರನೆಯ ಸಲ ನನ್ನ ಮಗು ಕೈಗೆ ಬಂದ ದಿನವೇ ವೈದ್ಯರು ನನ್ನ ಮಾತ್ರೆಯನ್ನು ಗರ್ಭಕ್ಕೆ ಮುಂಚಿನ ಪ್ರಮಾಣಕ್ಕೆ ಇಳಿಸಿ, ಆರು ವಾರದ ಮೇಲೆ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಎದೆಹಾಲು ಕೊಡುವಾಗ ಈ ಮಾತ್ರೆಯಿಂದ ತೊಂದರೆಯಿಲ್ಲ. ಮಗುವಿಗೂ ಹುಟ್ಟಿದ 48ರಿಂದ 72 ಗಂಟೆಗಳ ನಡುವೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಬೇಕು. ಅಷ್ಟರಲ್ಲೇ ಮನೆಗೆ ಕಳುಹಿಸುವುದಾದರೆ ಎಲ್ಲಿ, ಯಾವಾಗ ಮಾಡಿಸಬೇಕೆಂದು ಕೇಳಿಕೊಂಡೇ ಹೊರಡಿ, ಫಲಿತಾಂಶದ ಕಾಗದವನ್ನು ಕೈಯಲ್ಲಿ ಹಿಡಿದು ಅಂಕಿಯನ್ನು ನೀವೇ ಓದಿ.